ಗಣಕದ ದುಡಿಮೆಯೂ ಕಾಯುವವರಿಗೆ ಸೂಚನೆಯೂ

ಕಮಲಾಪುರದ ಸಮೀಪದಲ್ಲಿರುವ ಕನ್ನಡ ವಿಶ್ವವಿದ್ಯಾಲಯವು ಸ್ಥಾಪಿತವಾದ 1991ನೆಯ ವರ್ಷದಲ್ಲಿಯೇ ಯೂನಿಕೋಡ್ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿಯೂ ಕನ್ನಡವನ್ನು ಒಳಗೊಂಡು ಪ್ರಕಟವಾಯಿತು. ಆದರೂ ಅನಂತರ ಬಹುಕಾಲದವರೆಗೆ ಕನ್ನಡದ ಗ್ರಂಥಗಳು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿಯೇ ಹೆಚ್ಚಾಗಿ ಸಿದ್ಧವಾದುವು. ಅವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಎದುರಾಗುವ ಒಂದು ತೊಡಕನ್ನು ಇಲ್ಲಿ ವಿಚಾರಿಸೋಣ. ದೊಡ್ಡ ಗ್ರಂಥವೊಂದನ್ನು ಪರಿವರ್ತನೆಗೆ ಒಪ್ಪಿಸಿದೊಡನೆ ಕೆಲವು ಸಲ ತೆರೆಯು ಸ್ತಬ್ಧವಾಗುತ್ತದೆ. ಗಣಕವು ದುಡಿಯುತ್ತಿದೆಯೋ ಕೆಟ್ಟು ನಿಂತಿದೆಯೋ ಎಂಬುದು ಕುಳಿತವರಿಗೆ ತಿಳಿಯದು.

ಈ ಪರಿವರ್ತನೆಯು ಒಂದು ಸಂಕೇತಕ್ಕೆ ಬದಲಾಗಿ ಮತ್ತೊಂದನ್ನಿಡುವಷ್ಟು ಸುಲಭವಲ್ಲ. ಹಳೆಯ ವಿನ್ಯಾಸಗಳು ಅಕ್ಷರಗಳನ್ನು ಕಣ್ಣಿಗೆ ಕಾಣುವ ತುಣುಕುಗಳಾಗಿ ಕೂಡಿಡುತ್ತವೆ. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವತ್ತು ಯಕಾರದ ಅನಂತರ ಬರುತ್ತದೆ. ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮದಂತೆ ರೇಫವೇ ಮೊದಲು. ಆದುದರಿಂದ ತುಣುಕುಗಳನ್ನು ಕೂಡಿಸಿ, ಕ್ರಮವನ್ನು ಸರಿಪಡಿಸುತ್ತ ಗ್ರಂಥದುದ್ದಕ್ಕೂ ಸಾಗಬೇಕಾಗುತ್ತದೆ. ಇದಕ್ಕೆ ಕಾಲ ಹಿಡಿಯುವುದು ಸಹಜ.

ಆದರೆ ತೆರೆಯೇಕೆ ಸ್ತಬ್ಧವಾಗಬೇಕು? ಒಬ್ಬನೇ ಗುಮಾಸ್ತನಿರುವ ಕಚೇರಿಯನ್ನು ಊಹಿಸಿಕೊಳ್ಳಬಹುದು. ಕಡತವನ್ನು ಹುಡುಕಲು ಅವನು ಒಳಕೋಣೆಗೆ ಹೋದರೆ ಕಿಟಕಿಯಲ್ಲಿ ಉತ್ತರ ಕೊಡುವವರಿಲ್ಲ. ಹಿಡಿದ ಕೆಲಸ ಮುಗಿಯುವ ತನಕ ಮುಂದಿನದನ್ನು ಮುಟ್ಟದ ಇಂತಹ ಕ್ರಮಕ್ಕೆ ಸಿಂಕ್ರೊನಸ್ ಎಂದು ಹೆಸರು. ಲೆಕ್ಕಮಾಡುವ ಎಳೆಯೂ ತೆರೆಯನ್ನು ಚಿತ್ರಿಸುವ ಎಳೆಯೂ ಒಂದೇ ಆದಾಗ ಈ ಸ್ಥಿತಿ ಒದಗುತ್ತದೆ. ತಂತ್ರಾಂಶವು ಸುಮಾರು 5 ಸೆಕೆಂಡು ಓಗೊಡದಿದ್ದರೆ ವಿಂಡೋಸ್ ವ್ಯವಸ್ಥೆಯು ಅದನ್ನು ‘ಪ್ರತಿಕ್ರಿಯಿಸುತ್ತಿಲ್ಲ’ ಎಂದು ಗುರುತಿಸುತ್ತದೆ. ಬಳಸುವವರು ಬೇಸತ್ತು ಗುಂಡಿಯನ್ನು ಮತ್ತೆ ಮತ್ತೆ ಒತ್ತಬಹುದು. ಆ ಒತ್ತುಗಳೆಲ್ಲ ಸಾಲುಗಟ್ಟಿ ನಿಂತು ಆಮೇಲೆ ಫಲಿಸಬಹುದು. ತಂತ್ರಾಂಶವನ್ನೇ ನಿಲ್ಲಿಸಿದರಂತೂ ಮೂಲದ ಮೇಲೆಯೇ ಬರೆಯುತ್ತಿದ್ದ ಕಡತವು ಅರ್ಧ ಹಳೆಯದು, ಅರ್ಧ ಹೊಸದಾಗಿ ಕೆಡುತ್ತದೆ. ವರ್ಷಗಳ ಪರಿಶ್ರಮಕ್ಕೆ ಹೀಗೆ ಹಾನಿಯಾಗಬಹುದಾದುದರಿಂದ ಇದು ಕೇವಲ ಅಲಂಕಾರದ ಪ್ರಶ್ನೆಯಲ್ಲ.

ಕಾಯಿರೆಂದು ಸೂಚಿಸುವ ಚಿಹ್ನೆಗಳು ಹೊಸವಲ್ಲ. 1984ರ ಮ್ಯಾಕಿಂಟಾಷ್ ಗಣಕಕ್ಕೆ ಸೂಸನ್ ಕೇರ್ ಕೈಗಡಿಯಾರದ ಚಿತ್ರವನ್ನು ರಚಿಸಿದರು. ವಿಂಡೋಸಿನಲ್ಲಿ ಮರಳುಗಡಿಯಾರವು ಬಹುಕಾಲ ಬಳಕೆಯಲ್ಲಿತ್ತು. ಕೆಲಸವು ಶೇಕಡ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿಯನ್ನು ಬಳಸುವವರು ಮೆಚ್ಚುತ್ತಾರೆಂದು 1985ರಲ್ಲಿ ಬ್ರಾಡ್ ಮೈಯರ್ಸ್ ಪ್ರಯೋಗದಿಂದ ತೋರಿಸಿದರು. 10 ಸೆಕೆಂಡು ಮೀರಿದ ಕಾಯುವಿಕೆಯಲ್ಲಿ ಗಮನವು ಬೇರೆಡೆಗೆ ಹರಿಯುತ್ತದೆಂಬುದು 1993ರಲ್ಲಿ ಯಾಕೋಬ್ ನೀಲ್ಸನ್ ವಿವರಿಸಿದ ಮಿತಿ.

ನಮ್ಮ ಹಿರಿಯರ ಗಳಿಗೆಬಟ್ಟಲನ್ನು ಇಲ್ಲಿ ನೆನೆಯಬಹುದು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ, 24 ನಿಮಿಷಗಳ ಒಂದು ಗಳಿಗೆಗೆ ಮುಳುಗುತ್ತದೆ. ಒಳಗೆ ಬಂದ ನೀರೇ ಕಳೆದ ಕಾಲದ ಅಳತೆ. ಸುತ್ತುವ ಚಕ್ರಕ್ಕೆ ಈ ಗುಣವಿಲ್ಲ: ಕೆಲಸ ಕೆಟ್ಟು ನಿಂತಿದ್ದರೂ ಬೇರೊಂದು ಎಳೆಯ ಬಲದಿಂದ ಅದು ಸುತ್ತುತ್ತಲೇ ಇರಬಹುದು. ಸೂಚನೆಯು ಕೆಲಸದಿಂದಲೇ ಹುಟ್ಟಬೇಕು. ‘600 ಪುಟಗಳಲ್ಲಿ 240 ಮುಗಿದಿವೆ’ ಎಂಬ ಬಗೆಯದಾಗಿರಬೇಕು.

ಇದನ್ನು ಸಾಧಿಸುವ ಮಾರ್ಗಗಳು ಮೂರು. ಮೊದಲನೆಯದು, ಕೆಲಸಕ್ಕೆ ತೊಡಗುವ ಮುನ್ನವೇ ಸೂಚನೆಯನ್ನು ತೆರೆಯ ಮೇಲೆ ಮೂಡಿಸುವುದು. ಚಿತ್ರಿಸೆಂಬ ಆಜ್ಞೆಯನ್ನು ಕೊಟ್ಟರೆ ಸಾಲದು. ಅದು ಚಿತ್ರಿತವಾಯಿತೆಂದು ಖಚಿತಪಡಿಸಿಕೊಳ್ಳದಿದ್ದರೆ ಆಜ್ಞೆಯೇ ಸಾಲಿನಲ್ಲಿ ನಿಂತು, ಕೆಲಸ ಮುಗಿದ ಮೇಲೆ ಫಲಿಸೀತು. ಎರಡನೆಯದು, ಕೆಲಸವನ್ನು ಪುಟಪುಟವಾಗಿ ವಿಂಗಡಿಸಿ ನಡುನಡುವೆ ತೆರೆಗೆ ಅವಕಾಶ ಕೊಡುವುದು. ಆಗ ಪ್ರಾರಂಭದ ಗುಂಡಿಯನ್ನು ಮುಚ್ಚಿಡದಿದ್ದರೆ ಅದೇ ಕೆಲಸ ಎರಡು ಬಾರಿ ಮೊದಲಾದೀತು. ಮೂರನೆಯದು, ದುಡಿಮೆಯನ್ನು ಬೇರೊಂದು ಎಳೆಗೆ ವಹಿಸುವುದು. ಇದೇ ಉತ್ತಮವಾದರೂ ಕಷ್ಟತರ. ಯಾವ ಮಾರ್ಗವಾದರೂ ಕೆಲಸ ವಿಫಲವಾದಾಗ ಸೂಚನೆಯನ್ನು ತೆಗೆದು ಕಾರಣವನ್ನು ತಿಳಿಸಬೇಕು. ಹೊಸ ಪ್ರತಿಯು ಪೂರ್ಣವಾಗುವವರೆಗೆ ಮೂಲವನ್ನು ಮುಟ್ಟಬಾರದು.

ತಂತ್ರಾಂಶ ರಚನೆಯನ್ನು ಕಲಿಸುವ ಅಧ್ಯಾಪಕರು ಈ ಕೊನೆಯ ಮಾತನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸುವುದು ಲೇಸೆಂದು ನಾವು ಭಾವಿಸುತ್ತೇವೆ. ಸೂಚನೆಯು ಕಾಯುವವರ ಕೈಯನ್ನು ತಡೆಯುತ್ತದೆ. ತಡೆದರೂ ನಿಲ್ಲದ ಕೈಯಿಂದ ಗ್ರಂಥವನ್ನು ಉಳಿಸುವುದು ಮೂಲಪ್ರತಿಯ ರಕ್ಷಣೆಯೊಂದೇ.