ಡಿಸ್ಕ್ ಪ್ಲೇಯರನ್ನು ಆರಿಸುವ ಬಗೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಚಲನಚಿತ್ರಗಳ ಡಿಸ್ಕುಗಳು ತುಂಬಿದ ಪೆಟ್ಟಿಗೆಯೊಂದು ಇರುವುದುಂಟು. ಬೇಸಗೆಯ ರಜೆಗೆ ಊರಿಗೆ ಹೋದಾಗ ಹಿರಿಯರು ಕೊಂಡು ತಂದವು ಅವು. ಹೊಸಿಲು ದಾಟಿದೊಡನೆ ಪರಭಾಷೆಗಳನ್ನೇ ಕೇಳುವ ಮಕ್ಕಳಿಗೆ ಈ ಚಿತ್ರಗಳ ಸಂಭಾಷಣೆಯೂ ಒಂದು ಪಾಠವೇ ಸರಿ. ಹಳೆಯ ಯಂತ್ರವು ಕೆಟ್ಟು ನಿಂತಾಗ ಹೊಸದನ್ನು ಹೇಗೆ ಆರಿಸಬೇಕೆಂಬುದನ್ನು ಇಲ್ಲಿ ವಿವರಿಸಲೆಳಸುತ್ತೇವೆ.

ನೋಟಕ್ಕೆ ಎಲ್ಲ ಡಿಸ್ಕುಗಳೂ ಒಂದೇ. 12 ಸೆಂಟಿಮೀಟರ್ ಅಗಲದ ಹೊಳೆಯುವ ತಟ್ಟೆಗಳು. ಚಿತ್ರವೂ ಧ್ವನಿಯೂ ಅವುಗಳಲ್ಲಿ ಅತಿ ಸೂಕ್ಷ್ಮವಾದ ಕುಳಿಗಳ ಸಾಲಾಗಿ, ಸುರುಳಿಯಾಕಾರದಲ್ಲಿ ಅಚ್ಚಾಗಿರುತ್ತವೆ. ಯಂತ್ರದೊಳಗಿನ ಲೇಸರ್ ಕಿರಣವು ಆ ಕುಳಿಗಳನ್ನು ಓದುತ್ತದೆ. ಕುಳಿಗಳು ಕಿರಿದಾದಷ್ಟೂ ಕಿರಣದ ಅಲೆಯುದ್ದವೂ ಕಿರಿದಾಗಬೇಕು. 1993ರಲ್ಲಿ ರೂಪುಗೊಂಡ ವಿಸಿಡಿಗೆ 780 ನ್ಯಾನೊಮೀಟರ್ ಅಲೆಯುದ್ದದ ಅವಕೆಂಪು ಕಿರಣ ಬೇಕು. 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು ಕಿರಣ. 2006ರಲ್ಲಿ ಬಂದ ಬ್ಲೂ-ರೇಗೆ 405 ನ್ಯಾನೊಮೀಟರಿನ ನೀಲಿನೇರಳೆ ಕಿರಣ. ವಿಸಿಡಿಯಲ್ಲಿ ಹಿಡಿಸುವುದು ಸುಮಾರು 74 ನಿಮಿಷಗಳ ಚಿತ್ರ. ಆದುದರಿಂದಲೇ ನಮ್ಮ ಒಂದೊಂದು ಚಿತ್ರಕ್ಕೂ ಎರಡು, ಮೂರು ತಟ್ಟೆಗಳು. ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್, ಬ್ಲೂ-ರೇಯ ಒಂದು ಪದರದಲ್ಲಿ 25 ಗಿಗಾಬೈಟ್ ಅಡಕವಾಗುತ್ತದೆ. ಚಿತ್ರದ ಸ್ಪಷ್ಟತೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಹೆಚ್ಚಿನ ಬೆಲೆಯ ಯಂತ್ರವು ಎಲ್ಲವನ್ನೂ ಓದೀತೆಂದು ಭಾವಿಸುವುದು ಸಹಜ. ನಾವೂ ಹಾಗೆಯೇ ಭಾವಿಸಿ ಒಮ್ಮೆ ಮೋಸಹೋದೆವು. ಬ್ಲೂ-ರೇ ಪ್ಲೇಯರು ಸಾಮಾನ್ಯವಾಗಿ ಡಿವಿಡಿಯನ್ನು ನಡೆಸುತ್ತದೆ. ಆದರೆ ಅನೇಕ ಮಾದರಿಗಳು ವಿಸಿಡಿಯನ್ನು ನಡೆಸಲಾರವು. ಊರಿನಿಂದ ತಂದ ಚಿತ್ರಗಳಲ್ಲಿ ಬಹುಪಾಲು ವಿಸಿಡಿಗಳೇ ಆಗಿದ್ದರೆ, ಸಾಧಾರಣ ಡಿವಿಡಿ ಪ್ಲೇಯರೇ ಮೇಲು. ಆದಕಾರಣ ಅಂಗಡಿಗೆ ಹೊರಡುವ ಮುನ್ನ ಪೆಟ್ಟಿಗೆಯನ್ನು ತೆರೆದು, ಯಾವ ಬಗೆಯ ಡಿಸ್ಕುಗಳು ಎಷ್ಟಿವೆಯೆಂದು ಎಣಿಸಿರಿ. ಪ್ರತಿಯೊಂದು ಬಗೆಯಲ್ಲೂ ಒಂದೊಂದನ್ನು ಜೊತೆಗೆ ಕೊಂಡೊಯ್ದು, ಅಂಗಡಿಯಲ್ಲೇ ಹಾಕಿಸಿ ನೋಡಿರಿ.

ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಡಿವಿಡಿಗಳಿಗೆ ಪ್ರದೇಶಸಂಖ್ಯೆಯೆಂಬುದೊಂದುಂಟು. ಭಾರತದ್ದು 5, ಅಮೆರಿಕದ್ದು 1. ಅಮೆರಿಕದಲ್ಲಿರುವ ಬಂಧುಗಳು ಕಳುಹಿದ ಡಿಸ್ಕು ಇಲ್ಲಿನ ಯಂತ್ರದಲ್ಲಿ ನಡೆಯದಿದ್ದರೆ ಇದೇ ಕಾರಣವಿರಬಹುದು. ಎರಡನೆಯದು, ಟೆಲಿವಿಷನ್ನಿನೊಡನೆ ಜೋಡಣೆ. ಹಳೆಯ ಟಿವಿಗೆ ಹಳದಿ, ಕೆಂಪು, ಬಿಳಿಯ ಮೂರು ತಂತಿಗಳು ಬೇಕು. ಹೊಸ ಟಿವಿಗೆ ಎಚ್‌ಡಿಎಂಐ ತಂತಿಯೊಂದೇ ಸಾಕು. ಯಂತ್ರದ ಹಿಂಬದಿಯಲ್ಲಿ ನಿಮ್ಮ ಟಿವಿಗೆ ಹೊಂದುವ ರಂಧ್ರವಿದೆಯೇ ಎಂದು ನೋಡಿಕೊಳ್ಳಿರಿ.

ಅಂತರಜಾಲದಲ್ಲಿ ಚಿತ್ರಗಳು ದೊರೆಯುವಾಗ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಅಲ್ಲಿ ಇಂದು ಇರುವ ಚಿತ್ರ ನಾಳೆ ಇಲ್ಲದಾಗಬಹುದು. ಹಳೆಯ ಕನ್ನಡ ಚಿತ್ರಗಳೆಲ್ಲವೂ ಅಲ್ಲಿ ಸಿಗುತ್ತವೆಂಬ ಭರವಸೆಯೂ ಇಲ್ಲ. ಇತ್ತ ಯಂತ್ರ ತಯಾರಕರೂ ಹಿಂದೆಗೆಯುತ್ತಿದ್ದಾರೆ. ಸ್ಯಾಮ್‌ಸಂಗ್ ಸಂಸ್ಥೆಯು 2019ರಲ್ಲೇ ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರುಗಳನ್ನು ತರುವುದನ್ನು ನಿಲ್ಲಿಸಿತು. ಓದುವ ಯಂತ್ರವಿಲ್ಲದ ಡಿಸ್ಕು ಬೀಗದ ಕೈ ಕಳೆದ ಪೆಟ್ಟಿಗೆಯಂತೆ. ಒಳಗೆ ಒಡವೆಯಿದ್ದರೂ ನಮಗೆ ಅದು ದಕ್ಕದು. ಹಿರಿಯರು ಅಷ್ಟು ದೂರದಿಂದ ಹೊತ್ತು ತಂದ ಮಾತುಗಳು ಮಕ್ಕಳ ಕಿವಿಗೆ ಬೀಳುತ್ತಿರಬೇಕಾದರೆ, ತಕ್ಕ ಯಂತ್ರವೊಂದನ್ನು ಇಂದೇ ಹುಡುಕಿ ಇಟ್ಟುಕೊಳ್ಳುವುದು ಒಳಿತು.