ಫಿಲ್ಮು ಕ್ಯಾಮರಾಗಳು ಇನ್ನೂ ತಯಾರಾಗಬೇಕೆ?

ಜಪಾನು ದೇಶದ ರೀಕೋ ಕಂಪೆನಿಯವರು 2024ನೆಯ ಇಸವಿಯ ಜೂನ್ ತಿಂಗಳಲ್ಲಿ ಪೆಂಟಾಕ್ಸ್ 17 ಎಂಬ ಹೊಸದೊಂದು ಫಿಲ್ಮು ಕ್ಯಾಮರಾವನ್ನು ಪೇಟೆಗೆ ತಂದರು. ಇದು ಹಳೆಯ ದಾಸ್ತಾನನ್ನು ಒರಸಿ ಮಾರಾಟಕ್ಕಿಟ್ಟದ್ದಲ್ಲ. ಹೊಸದಾಗಿ ನಕ್ಷೆ ಹಾಕಿ ತಯಾರಿಸಿದ ಯಂತ್ರ. ಒಂದೊಂದು ಚಿತ್ರ ತೆಗೆದ ಮೇಲೂ ಹೆಬ್ಬೆರಳಿನಿಂದ ಸನ್ನೆಯನ್ನೆಳೆದು ಫಿಲ್ಮನ್ನು ಮುಂದಕ್ಕೆ ಸುತ್ತಬೇಕು. 36 ಚಿತ್ರಗಳ ಸುರುಳಿಯಲ್ಲಿ ಅರ್ಧರ್ಧ ಅಳತೆಯ 72 ಚಿತ್ರಗಳನ್ನು ತೆಗೆಯಬಹುದು. ಬೆಲೆ 500 ಡಾಲರು, ಎಂದರೆ ಅಂದಿನ ವಿನಿಮಯದಲ್ಲಿ ನಲವತ್ತು ಸಾವಿರ ರೂಪಾಯಿಗೂ ಮೀರಿದ್ದು. ಪ್ರತಿಯೊಬ್ಬರ ಜೇಬಿನಲ್ಲಿಯೂ ಚಿತ್ರ ತೆಗೆಯುವ ಮೊಬೈಲು ಇರುವ ಕಾಲದಲ್ಲಿ ಇದೆಂತಹ ಉದ್ಯೋಗವೆಂದು ನಕ್ಕವರುಂಟು. ವಿಮಾನ ಹಾರುತ್ತಿರುವಾಗ ಎತ್ತಿನ ಗಾಡಿಗೆ ಹೊಸ ಕಾರ್ಖಾನೆಯೇ ಎಂದು ಅವರು ಕೇಳುತ್ತಾರೆ. ಇದನ್ನು ಕೇವಲ ಹವ್ಯಾಸಿಗಳ ಗೊಡವೆಯೆಂದು ತಳ್ಳಿಬಿಡಲು ನಮಗೆ ಮನಸ್ಸು ಬಾರದು. ಕಲ್ಲು ಕಲ್ಲಿಗೂ ಚರಿತ್ರೆಯಿರುವ ಸೀಮೆಯಲ್ಲಿ ವಾಸಮಾಡುವ ನಾವು ಈ ಪ್ರಶ್ನೆಯನ್ನು ಬೇರೊಂದು ದೃಷ್ಟಿಯಿಂದ ವಿಚಾರಿಸಬೇಕಾಗಿದೆ.

ಮೊದಲು ವ್ಯಾಪಾರದ ಸ್ಥಿತಿಯನ್ನು ನೋಡೋಣ. ಕೋಡಕ್ ಕಂಪೆನಿಯ ಪ್ರಯೋಗಶಾಲೆಯಲ್ಲಿಯೇ 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರರು ಮೊದಲ ಡಿಜಿಟಲ್ ಕ್ಯಾಮರಾವನ್ನು ಮಾಡಿ ತೋರಿಸಿದರು. ಆ ಕಂಪೆನಿಯೇ 2012ರ ಜನವರಿಯಲ್ಲಿ ದಿವಾಳಿಯ ಅರ್ಜಿ ಹಾಕಬೇಕಾಯಿತು. ಕ್ಯಾನನ್ ಕಂಪೆನಿಯವರು 2018ರಲ್ಲಿ ತಮ್ಮ ಕೊನೆಯ ಫಿಲ್ಮು ಕ್ಯಾಮರಾದ ಮಾರಾಟವನ್ನು ನಿಲ್ಲಿಸಿದರು. 2020ರಲ್ಲಿ ನಿಕಾನ್ ಎಫ್ 6 ಕೂಡ ನಿಂತಿತು. ಇಷ್ಟರಿಂದಲೇ ವಾದ ಮುಗಿಯಿತೆಂದು ಕೆಲವರು ಭಾವಿಸುತ್ತಾರೆ. ಆದರೆ ಜಪಾನಿನ ತಯಾರಕರ ಸಂಘದ ಅಂಕಿಗಳನ್ನು ನೋಡಿದರೆ ಡಿಜಿಟಲ್ ಕ್ಯಾಮರಾದ ಗತಿಯೂ ಇದಕ್ಕಿಂತ ಉತ್ತಮವಾಗಿಲ್ಲ. 2010ರಲ್ಲಿ ಹನ್ನೆರಡು ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮರಾಗಳು ರವಾನೆಯಾದವು. 2023ರಲ್ಲಿ ಎಂಬತ್ತು ಲಕ್ಷವೂ ಇಲ್ಲ. ಮೊಬೈಲು ಅದನ್ನೂ ನುಂಗಿತು. ಬಹುಜನರಿಗೆ ಬೇಡವಾದದ್ದನ್ನು ತಯಾರಿಸಕೂಡದೆಂಬ ಸೂತ್ರವನ್ನು ಹಿಡಿದರೆ ಕ್ಯಾಮರಾವೆಂಬ ಹೆಸರಿನ ಯಾವ ಯಂತ್ರವನ್ನೂ ತಯಾರಿಸುವಂತಿಲ್ಲ. ಆದುದರಿಂದ ಎಷ್ಟು ಜನರಿಗೆ ಬೇಕೆಂಬುದಕ್ಕಿಂತ, ಯಾವ ಕಾರ್ಯಕ್ಕೆ ಬೇಕೆಂದು ಕೇಳುವುದೇ ಸರಿಯಾದ ಕ್ರಮ.

ಪಾಂಡವಪುರ ತಾಲ್ಲೂಕಿನ ತೊಣ್ಣೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಟ್ಟಗಳ ನಡುವೆ ಕಟ್ಟೆ ಕಟ್ಟಿ ನಿಲ್ಲಿಸಿದ ಆ ಕೆರೆಯನ್ನು ಕಂಡು 1746ರಲ್ಲಿ ನಾಸಿರ್ ಜಂಗನು ಮೋತಿ ತಲಾಬ್ ಎಂದು, ಮುತ್ತಿನ ಕೆರೆಯೆಂದು, ಹೆಸರಿಟ್ಟನು. ರಾಮಾನುಜಾಚಾರ್ಯರ ಹೆಸರಿನೊಡನೆ ಹೆಣೆದುಕೊಂಡ ನಂಬಿನಾರಾಯಣನ ದೇವಸ್ಥಾನವೂ, ಅದರ ಸಮೀಪದ ಗೋಪಾಲಕೃಷ್ಣನ ಗುಡಿಯೂ, ಯೋಗನರಸಿಂಹನ ಸನ್ನಿಧಿಯೂ, ಸಾಲಾರ್ ಮಸೂದರ ದರ್ಗಾವೂ ಅಲ್ಲಿ ಇವೆ. ಹಳೇಬೀಡು ಹಾಳಾದ ಮೇಲೆ ಹೊಯ್ಸಳರು ಕೆಲಕಾಲ ಆಶ್ರಯ ಪಡೆದ ಸ್ಥಳವೂ ಇದೇ. ಭಾನುವಾರ ಬಂತೆಂದರೆ ಏರಿಯ ಮೇಲೆ ನಿಂತು ಚಿತ್ರ ತೆಗೆದುಕೊಳ್ಳುವವರಿಗೆ ಲೆಕ್ಕವಿಲ್ಲ. ಮದುವೆಗೆ ಮುಂಚೆಯೇ ವಧೂವರರನ್ನು ನೀರಿನಂಚಿನಲ್ಲಿ ನಿಲ್ಲಿಸಿ ಚಿತ್ರ ತೆಗೆಯುವ ಹೊಸ ಸಂಪ್ರದಾಯವೂ ಬಂದಿದೆ. ಅದರ ಗುಣದೋಷವನ್ನು ನಾವು ಇಲ್ಲಿ ಎತ್ತುವುದಿಲ್ಲ. ಇಷ್ಟೊಂದು ಚಿತ್ರಗಳಲ್ಲಿ ಇನ್ನೊಂದು ನೂರು ವರ್ಷಕ್ಕೆ ಎಷ್ಟು ಉಳಿಯುವುವು ಎಂಬುದೇ ನಮ್ಮ ಪ್ರಶ್ನೆ.

ರೈಸ್ ಸಾಹೇಬರು ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳನ್ನು ಸೇರಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟವನ್ನು 1894ರಲ್ಲಿ ಅಚ್ಚುಮಾಡಿಸಿದರು. ಆ ಗ್ರಂಥವನ್ನು ಇಂದಿಗೂ ಯಾರಾದರೂ ಬಿಚ್ಚಿ ಓದಬಹುದು. ಅದಕ್ಕೆ ಬೇಕಾದದ್ದು ಕಣ್ಣು ಮತ್ತು ಹಗಲು. ಫಿಲ್ಮಿನ ನೆಗೆಟಿವಿನ ಜಾತಿಯೂ ಇದೇ. ವಸ್ತುವಿನ ಮೇಲೆ ಬಿದ್ದ ಬೆಳಕೇ ಬಂದು ಬೆಳ್ಳಿಯ ಲವಣವನ್ನು ತಾಕಿ ಅಲ್ಲಿ ಗುರುತು ಮಾಡಿ ಹೋಗುತ್ತದೆ. ಅದನ್ನು ಕಿಟಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ವಿದ್ಯುಚ್ಛಕ್ತಿ ಬೇಡ, ಗಣಕಯಂತ್ರ ಬೇಡ, ಯಾವ ಕಂಪೆನಿಯ ಅಪ್ಪಣೆಯೂ ಬೇಡ.

ಹಂಪೆಯ ಸಂಗತಿಯನ್ನು ವಾಚಕರ ಗಮನಕ್ಕೆ ತರುತ್ತೇವೆ. ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು 1856ರಲ್ಲಿ ಹಂಪೆಯ ಹಾಳುಗುಡಿಗಳ ಚಿತ್ರಗಳನ್ನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವುಗಳಲ್ಲಿ ತೆಗೆದರು. ಅವು ಬಹುಕಾಲ ಕಣ್ಮರೆಯಾಗಿದ್ದು 1980ರ ಸುಮಾರಿಗೆ ಬೆಳಕಿಗೆ ಬಂದವು. ಅವುಗಳಿಂದ ಚಿತ್ರಗಳನ್ನು ಹೊಸದಾಗಿ ತೆಗೆದು ನೋಡಿದಾಗ, ಆಮೇಲೆ ಬಿದ್ದುಹೋದ ಗೋಪುರವೂ ಮುರಿದ ಕಂಬವೂ ಹಿಂದೆ ಹೇಗಿದ್ದುವೆಂಬುದು ತಿಳಿಯಿತು. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು 1983ರಲ್ಲಿ ಅದೇ ಸ್ಥಳಗಳಲ್ಲಿ ನಿಂತು ಅದೇ ನೋಟಗಳನ್ನು ಮತ್ತೆ ಫಿಲ್ಮಿನಲ್ಲಿ ಹಿಡಿದರು. ನೂರಿಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೇಳುಕೇಳುವವರಿಲ್ಲದೆ ಬಿದ್ದಿದ್ದ ಕಾಗದವು ಎದ್ದು ಸಾಕ್ಷಿ ನುಡಿಯಿತು. ಇಂದಿನ ಗಣಕದ ಕಡತವೊಂದನ್ನು ಅಷ್ಟು ಕಾಲ ಅನಾಥವಾಗಿ ಬಿಟ್ಟರೆ ಅದು ಹೀಗೆ ನುಡಿಯುವುದೆಂದು ಭರವಸೆ ಕೊಡಬಲ್ಲವರು ಯಾರು?

ನಮ್ಮ ಕಾರ್ಯಾಲಯದ ಅನುಭವವನ್ನೇ ಹೇಳುವುದಾದರೆ, ಹಳೆಯ ಕಬ್ಬಿಣದ ಬೀರುವಿನಲ್ಲಿ ತಾರೀಖು ಬರೆದ ಲಕೋಟೆಗಳಲ್ಲಿರುವ ನೆಗೆಟಿವುಗಳು ಇಂದಿಗೂ ಉಪಯೋಗಕ್ಕೆ ಬರುತ್ತಿವೆ. ಅವುಗಳಿಗಿಂತ ಬಹಳ ಈಚಿನ ಚಿತ್ರಗಳನ್ನು ತುಂಬಿಟ್ಟಿದ್ದ ಡಿಸ್ಕೊಂದು ಬಾಯಿಯೇ ಬಿಡುತ್ತಿಲ್ಲ. ಇದು ನಮ್ಮೊಬ್ಬರ ಪಾಡಲ್ಲ. ಪಟ್ಟಣದ ಸ್ಟುಡಿಯೋದವರು ಹಿಂದೆ ನೆಗೆಟಿವಿಗೆ ನಂಬರು ಬರೆದು ವರ್ಷಗಟ್ಟಲೆ ಜೋಪಾನಮಾಡುತ್ತಿದ್ದರು; ಅಜ್ಜ ತೀರಿಕೊಂಡಾಗ ಹಳೆಯ ರಸೀತಿಯನ್ನು ಹಿಡಿದು ಹೋದರೆ ದೊಡ್ಡ ಚಿತ್ರ ಸಿಕ್ಕುತ್ತಿತ್ತು. ತಾತನ ಮದುವೆಯ ಚಿತ್ರ ಗೋಡೆಯ ಮೇಲಿದ್ದು ಮೊಮ್ಮಗನ ಮದುವೆಯ ಸಿ.ಡಿ. ತೆರೆಯದಿರುವ ಮನೆಗಳು ನಮ್ಮ ವಾಚಕರಲ್ಲಿಯೂ ಇರಬೇಕು.

ಕಚೇರಿಗಳಲ್ಲಿ ಕೆಲಸ ಮಾಡುವ ಮಹನೀಯರಿಗೆ ಇನ್ನೊಂದು ಅಂಶ ಹೆಚ್ಚು ಮನವರಿಕೆಯಾಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಕಾರ ಗಣಕದ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಅದರೊಡನೆ ಪ್ರಮಾಣಪತ್ರವೂ, ಆ ಕಡತದ ಹ್ಯಾಷ್ ಅಂಕಿಯೂ ಇರತಕ್ಕದ್ದು. ಹಿಂದಿನ ಕಾಯಿದೆಯ ಕಾಲದಲ್ಲಿಯೇ, 2020ರಲ್ಲಿ, ಇಂತಹ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತ್ತು. ಡಿಜಿಟಲ್ ಚಿತ್ರವನ್ನು ತಿದ್ದುವುದು ಎಷ್ಟು ಸುಲಭವೆಂಬುದನ್ನು ಕಾನೂನು ಬಲ್ಲವರು ಅರಿತಿರುವುದರಿಂದಲೇ ಈ ಕಟ್ಟುಪಾಡು. ಈಗಂತೂ ಕ್ಯಾಮರಾದ ಹಂಗೇ ಇಲ್ಲದೆ, ಇಲ್ಲದ ಗುಡಿಯನ್ನೂ ನಡೆಯದ ಸಭೆಯನ್ನೂ ಯಂತ್ರವೇ ಕ್ಷಣಾರ್ಧದಲ್ಲಿ ಚಿತ್ರಿಸಿಕೊಡುತ್ತದೆ. ಫಿಲ್ಮಿನಲ್ಲಿ ಮೋಸವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ನೆಗೆಟಿವಿನ ಮೇಲೆ ಪೆನ್ಸಿಲು ಆಡಿಸಿ ಮುಖದ ಸುಕ್ಕನ್ನು ಅಳಿಸುವ ನಿಪುಣರು ಪ್ರತಿಯೊಂದು ಊರಿನಲ್ಲಿಯೂ ಇದ್ದರು. ಎರಡು ನೆಗೆಟಿವು ಕೂಡಿಸಿ ಸತ್ತವರನ್ನು ಬದುಕಿರುವವರ ಪಕ್ಕದಲ್ಲಿ ಕೂರಿಸಿದ್ದೂ ಉಂಟು. ಆದರೆ ಆ ಕೈಚಳಕದ ಗುರುತು ನೆಗೆಟಿವಿನ ಮೇಲೆಯೇ ಉಳಿಯುತ್ತಿತ್ತು. ಪರೀಕ್ಷಿಸುವವನು ಭೂತಗನ್ನಡಿ ಹಿಡಿದು ನೋಡಬಹುದಾಗಿತ್ತು.

ಎದುರು ಪಕ್ಷದ ವಾದದಲ್ಲಿ ಸತ್ಯಾಂಶವಿರುವಷ್ಟನ್ನು ಒಪ್ಪಲೇಬೇಕು. ರೈತನ ಹೊಲದ ಬೆಳೆ ಸಮೀಕ್ಷೆಗೆ ಮೊಬೈಲಿನ ಚಿತ್ರವೇ ಸರಿ. ಅದಕ್ಕೆ ಫಿಲ್ಮು ಬಳಸಬೇಕೆಂದರೆ ಹಾಸ್ಯಾಸ್ಪದವಾದೀತು. ಪತ್ರಿಕೆಯ ದಿನನಿತ್ಯದ ಕೆಲಸಕ್ಕೂ ಹಾಗೆಯೇ. ಫಿಲ್ಮಿಗೆ ಬೆಳ್ಳಿ ಬೇಕು, ಮೂಳೆ ಚರ್ಮಗಳಿಂದ ತೆಗೆದ ಜಿಲೆಟಿನ್ ಬೇಕು, ತೊಳೆಯಲು ಯಥೇಚ್ಛವಾಗಿ ನೀರು ಬೇಕು. ಎಲ್ಲಕ್ಕೂ ಹಣ ಬೇಕು. ಕಾಪಾಡದಿದ್ದರೆ ಫಿಲ್ಮು ಸಹ ನಾಶವಾಗುತ್ತದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನದ ಒಂದು ಪ್ರತಿಯೂ ಉಳಿಯಲಿಲ್ಲವೆಂಬುದು ಶೋಚನೀಯ. ಆದರೆ ಉಪೇಕ್ಷೆ ಮಾಡಿದವರ ಪಾಪವನ್ನು ವಸ್ತುವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಗಣಕದ ಪಂಡಿತರೇ ಏನು ಮಾಡಿದರೆಂದು ನೋಡಿ. ಗಿಟ್‌ಹಬ್ ಸಂಸ್ಥೆಯವರು 2020ರಲ್ಲಿ ತಮ್ಮಲ್ಲಿದ್ದ ಗಣಕ ಸಂಕೇತಗಳ ಭಂಡಾರವನ್ನು ಉತ್ತರ ಧ್ರುವದ ಸಮೀಪದ ಸ್ವಾಲ್‌ಬಾರ್ಡ್ ದ್ವೀಪದ ಗಣಿಯೊಂದರಲ್ಲಿ ಸಾವಿರ ವರ್ಷದ ಉದ್ದೇಶದಿಂದ ಇಟ್ಟರು. ಇಟ್ಟದ್ದು ಯಾವುದರಲ್ಲಿ? 186 ಸುರುಳಿ ಫಿಲ್ಮಿನಲ್ಲಿ!

ಫಿಲ್ಮು ಬೇಕಾದರೆ ಇರಲಿ, ಹಳೆಯ ಕ್ಯಾಮರಾಗಳು ಅಟ್ಟದ ಮೇಲೆ ಬೇಕಾದಷ್ಟಿವೆ, ಹೊಸವೇಕೆ ಎಂದು ಕೇಳುವವರಿಗೆ ಉತ್ತರ ಹೇಳಬೇಕು. ನಮ್ಮ ವಾದದ ತಿರುಳಿರುವುದೇ ಇಲ್ಲಿ. ಯಂತ್ರವು ಅಮರವಲ್ಲ. ಷಟರಿನ ಬಟ್ಟೆ ಹರಿಯುತ್ತದೆ, ಸ್ಪ್ರಿಂಗು ಸೋಲುತ್ತದೆ, ಬೆಳಕು ನುಸುಳದಂತೆ ಅಂಟಿಸಿದ ನುರುಜು ಪುಡಿಯಾಗುತ್ತದೆ, ಬೆಳಕನ್ನು ಅಳೆಯುವ ಮೀಟರು ಕುರುಡಾಗುತ್ತದೆ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ರಿಪೇರಿ ಬಲ್ಲವರು ವಯೋವೃದ್ಧರಾಗಿದ್ದಾರೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಪೆಂಟಾಕ್ಸ್ ತಯಾರಿಸಿದವರು ಸಹ, ಫಿಲ್ಮು ಸುತ್ತುವ ಯಂತ್ರಭಾಗದ ಮರ್ಮವನ್ನು ತಿಳಿಯಲು ಹಳೆಯ ನಕ್ಷೆಗಳನ್ನು ಹುಡುಕಿ, ನಿವೃತ್ತರಾಗಿದ್ದ ತಮ್ಮ ಎಂಜಿನಿಯರರನ್ನು ಆಶ್ರಯಿಸಬೇಕಾಯಿತು. ಇನ್ನು ಹತ್ತು ವರ್ಷ ತಡೆದಿದ್ದರೆ ಕೇಳುವುದಕ್ಕೆ ಅವರಾದರೂ ಇರುತ್ತಿದ್ದರೋ ಇಲ್ಲವೋ! ಒಂದು ತಲೆಮಾರು ಕೈಬಿಟ್ಟ ಕಸುಬನ್ನು ಮುಂದಿನ ತಲೆಮಾರು ಪುಸ್ತಕ ಓದಿ ಕಲಿಯಲಾರದು. ಬೆಂಗಳೂರಿನಲ್ಲಿ 1961ರಲ್ಲಿ ಎಚ್.ಎಂ.ಟಿ.ಯವರು ಕೈಗಡಿಯಾರದ ಕಾರ್ಖಾನೆಯನ್ನು ಆರಂಭಿಸಿದಾಗ ಜಪಾನಿನ ಸಿಟಿಜನ್ ಕಂಪೆನಿಯಿಂದ ವಿದ್ಯೆ ಕಲಿಯಬೇಕಾಯಿತು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರಲ್ಲಿ ಒಪ್ಪಿಗೆ ಕೊಟ್ಟಿತು. ಇಂದು ಆ ಕೀಲಿ ಕೊಡುವ ಗಡಿಯಾರಗಳಿಗೆ ಜನರು ಹಂಬಲಿಸುತ್ತಾರೆ. ಆದರೆ ಚದರಿಹೋದ ಕುಶಲ ಕರ್ಮಚಾರಿಗಳನ್ನು ಯಾರು ಕೂಡಿಸಿಯಾರು?

ಈ ವಿಷಯದಲ್ಲಿ ನಮ್ಮ ದೇಶದ ಚರಿತ್ರೆಯು ಸಂತೋಷಕರವಲ್ಲ. ವಡೋದರೆಯ ನ್ಯೂ ಇಂಡಿಯಾ ಇಂಡಸ್ಟ್ರೀಸಿನವರು ಆಗ್ಫಾ ಕ್ಲಿಕ್ ಮೂರು ಎಂಬ ಅಗ್ಗದ ಕ್ಯಾಮರಾವನ್ನು ತಯಾರಿಸುತ್ತಿದ್ದರು. ಮಧ್ಯಮ ವರ್ಗದ ಎಷ್ಟೋ ಮನೆಗಳ ಮೊದಲ ಕ್ಯಾಮರಾ ಅದು. ಕಲಕತ್ತೆಯ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಎಂಬ ಸರಕಾರಿ ಕಾರ್ಖಾನೆಯಿಂದ ನ್ಯಾಷನಲ್ 35 ಹೊರಬಂದಿತ್ತು. ನಮ್ಮ ನೆರೆಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ಫ್ರಾನ್ಸಿನ ಸಹಾಯದಿಂದ 1967ರಲ್ಲಿ ಉತ್ಪಾದನೆಯನ್ನು ತೊಡಗಿ, ‘ಇಂದು’ ಎಂಬ ಮುದ್ರೆಯ ಫಿಲ್ಮನ್ನೂ ಕ್ಷಕಿರಣದ ಹಾಳೆಗಳನ್ನೂ ದೇಶಕ್ಕೆಲ್ಲ ಒದಗಿಸಿತು. ಚಂದ್ರನ ಹೆಸರಿಟ್ಟದ್ದು ಎಷ್ಟು ರಸಿಕತನವೋ, ಆ ಚಂದ್ರನು ಕ್ಷೀಣಿಸುತ್ತ ಅಸ್ತಮಿಸಿದ್ದು ಅಷ್ಟೇ ದುಃಖಕರ. ಈಗ ಭಾರತದ ವಿದ್ಯಾರ್ಥಿಯೊಬ್ಬನು ಫಿಲ್ಮು ಕಲೆಯನ್ನು ಕಲಿಯಬೇಕೆಂದರೆ ಸುರುಳಿಯೂ ಯಂತ್ರವೂ ಸಮುದ್ರದಾಚೆಯಿಂದ ಬರಬೇಕು.

ಆದ್ದರಿಂದ ಹೊಸ ಫಿಲ್ಮು ಕ್ಯಾಮರಾಗಳು ತಯಾರಾಗಲೇಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಎಂತಹವು ಎಂಬ ಬಗೆಗೆ ನಮಗೆ ಕಟ್ಟುನಿಟ್ಟುಂಟು. ಜರ್ಮನಿಯ ಲೈಕಾದವರು 2022ರಲ್ಲಿ ತಮ್ಮ ಎಂ 6 ಅನ್ನು ಮತ್ತೆ ತಯಾರಿಸಿ ಲಕ್ಷಗಟ್ಟಲೆ ರೂಪಾಯಿಗೆ ಮಾರುತ್ತಿದ್ದಾರೆ. ಅದು ಶ್ರೀಮಂತರ ಆಭರಣ. ಮಾರಲಿ, ನಮಗೆ ಅಸೂಯೆಯಿಲ್ಲ. ನಮಗೆ ಬೇಕಾದದ್ದು ಬ್ಯಾಟರಿಯಿಲ್ಲದೆ ಷಟರು ಬಡಿಯುವ, ಸಾಮಾನ್ಯ ತಿರುಪುಳಿಯಿಂದ ಬಿಚ್ಚಬಹುದಾದ, ಬಿಡಿಭಾಗ ಸಿಕ್ಕುವ ಗಟ್ಟಿಮುಟ್ಟಾದ ಯಂತ್ರ. ಸೂಕ್ಷ್ಮ ಉಪಕರಣಗಳನ್ನು ತಯಾರಿಸುವ ಶಿಕ್ಷಣವನ್ನು ಕೊಡುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಮೈಸೂರಿನಲ್ಲಿಯೇ ಇದೆ. ಅಲ್ಲಿಯ ಹುಡುಗರಿಗೆ ಒಂದು ಷಟರನ್ನು ಮಾಡುವ ಪಾಠವನ್ನಿಟ್ಟರೆ ವಿದ್ಯೆಗೆ ವಿದ್ಯೆ, ದೇಶಕ್ಕೆ ಒಂದು ಕಸುಬು. ಲಕ್ಷಾಂತರ ಯಂತ್ರಗಳು ಬೇಡ. ಕೆಲವು ನೂರು ಸಾಕು.

ಕೊಳ್ಳುವವರು ಯಾರೆಂದು ಕೇಳಿದರೆ ಮೊದಲ ಗಿರಾಕಿಯನ್ನು ನಾವೇ ತೋರಿಸುತ್ತೇವೆ. ರಾಜ್ಯದ ಪುರಾತತ್ವ ಇಲಾಖೆಯ ಮುಖ್ಯ ಕಚೇರಿಯೂ ಮೈಸೂರಿನಲ್ಲಿಯೇ ಇರುವುದು. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಕನ್ನಂಬಾಡಿಯ ಹಳೆಯ ಊರು ನೀರಿನ ಪಾಲಾಯಿತು. ಅಲ್ಲಿಯ ವೇಣುಗೋಪಾಲಸ್ವಾಮಿಯ ಗುಡಿಯನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಬೇರೆಡೆ ನಿಲ್ಲಿಸಿದ್ದಾರೆ. ಕಲ್ಲು ತಾನಿದ್ದಲ್ಲಿಯೇ ಇರುವುದೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಸಲ್ಲದು. ಹೊಸಹೊಳಲು, ಕಿಕ್ಕೇರಿ, ನಾಗಮಂಗಲ, ಮೇಲುಕೋಟೆ, ಶ್ರೀರಂಗಪಟ್ಟಣ, ತೊಣ್ಣೂರು ಇವುಗಳ ಗುಡಿ, ಮಸೀದಿ, ಶಾಸನಗಳನ್ನು ಡಿಜಿಟಲ್ ಕ್ಯಾಮರಾದಿಂದ ಧಾರಾಳವಾಗಿ ಚಿತ್ರಿಸಲಿ. ಅದರೊಡನೆ ಪ್ರತಿಯೊಂದಕ್ಕೂ ಒಂದು ಸುರುಳಿ ಕಪ್ಪು ಬಿಳುಪು ಫಿಲ್ಮನ್ನೂ ಮೀಸಲಿಡಲಿ. ತಣ್ಣನೆಯ ಒಣ ಕೋಣೆಯೊಂದರಲ್ಲಿ, ಸ್ಥಳ ತಾರೀಖುಗಳನ್ನು ಕನ್ನಡದಲ್ಲಿ ಬರೆದ ಲಕೋಟೆಗಳಲ್ಲಿ ಆ ನೆಗೆಟಿವುಗಳಿರಲಿ. ಇಲಾಖೆಯ ಆಯವ್ಯಯದಲ್ಲಿ ಇದು ಕಣ್ಣಿಗೆ ಕಾಣದಷ್ಟು ಸಣ್ಣ ಬಾಬು. ಮುಂದಿನ ಬೇಸಗೆಯ ನಿರ್ಮಲವಾದ ಬೆಳಕಿನಲ್ಲಿ ತೊಣ್ಣೂರಿನ ನಂಬಿನಾರಾಯಣನ ಗುಡಿಯಿಂದಲೇ ಮೊದಲ ಸುರುಳಿಯನ್ನು ತೆಗೆಯಬಹುದು.