ಮತ್ತೆ ಮತ್ತೆ ಕೆಡುವ ಬೇರಿಂಗು

ಓಡುತ್ತಿರುವ ಮೋಟಾರು ಸೈಕಲ್ಲಿನ ಹಿಂದಿನ ಗಾಲಿಯಿಂದ ಒಂದು ದಿನ ಸಣ್ಣಗೆ ಗುಂಯ್‌ಗುಟ್ಟುವ ಸದ್ದು ಕೇಳಿಬರುತ್ತದೆ. ಕೆಲವೇ ದಿನಗಳಲ್ಲಿ ಅದು ಬೀಸುವ ಕಲ್ಲಿನ ಗರಗರ ಸದ್ದಾಗಿ ಬೆಳೆಯುತ್ತದೆ. ವಾಹನವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗಾಲಿಯನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಅದು ಲಟಲಟನೆ ಆಡುತ್ತದೆ. ಬೇರಿಂಗು ಹೋಗಿದೆಯೆಂದು ಹೇಳಿ ಕೆಲಸಗಾರನು ಹೊಸದನ್ನು ಕೂರಿಸಿಕೊಡುತ್ತಾನೆ. ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಸದ್ದು ಮರಳಿ ಬರುತ್ತದೆ. ಮಾಲು ಕಳಪೆಯೆಂದು ಹಳಿದು ಮತ್ತೊಂದನ್ನು ಹಾಕಿಸಿದರೆ ಅದಕ್ಕೂ ಅದೇ ಗತಿ.

ಇದು ಹಣದ ನಷ್ಟವೊಂದೇ ಅಲ್ಲ. ಬೇರಿಂಗು ಪೂರ್ಣವಾಗಿ ಮುರಿದುಹೋದರೆ ಗಾಲಿಯು ಓರೆಯಾಗಿ ಓಲಾಡತೊಡಗುತ್ತದೆ. ಸರಪಳಿಯು ಹಲ್ಲಿನಿಂದ ಜಾರಬಹುದು. ಮುರಿದ ಚೂರುಗಳು ಸಿಕ್ಕಿಕೊಂಡು ಗಾಲಿಯೇ ಥಟ್ಟನೆ ನಿಂತುಬಿಡಲೂಬಹುದು. ಹೆದ್ದಾರಿಯಲ್ಲಿ ವೇಗವಾಗಿ ಹೋಗುತ್ತಿರುವವನಿಗೆ ಇದು ಪ್ರಾಣಕ್ಕೆ ಬರುವ ಸಂಗತಿ. ಆದುದರಿಂದ ಹೊಸ ಬೇರಿಂಗು ಎಲ್ಲಿ ಅಗ್ಗವಾಗಿ ದೊರೆಯುತ್ತದೆ ಎಂಬುದಕ್ಕಿಂತ, ಅದನ್ನು ಮತ್ತೆ ಮತ್ತೆ ಕೆಡಿಸುತ್ತಿರುವುದು ಯಾವುದು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಉರುಳುವ ಗುಂಡುಗಳು

ಎಣ್ಣೆ ಕಾಣದ ಎತ್ತಿನ ಗಾಡಿಯ ಕಿರುಗುಟ್ಟುವಿಕೆಯನ್ನು ಕೇಳದವರು ವಿರಳ. ಅಲ್ಲಿ ಗಾಲಿಯ ಗುಂಬವು ಅಚ್ಚಿನ ಮೇಲೆ ನೇರವಾಗಿ ಉಜ್ಜುತ್ತ ಜಾರುತ್ತದೆ. ಜಾರುವ ಘರ್ಷಣೆಗಿಂತ ಉರುಳುವ ಘರ್ಷಣೆ ಬಹಳ ಕಡಮೆ. ಈ ತತ್ತ್ವದ ಮೇಲೆ ರಚಿತವಾದುದೇ ಗುಂಡಿನ ಬೇರಿಂಗು. ಅದರಲ್ಲಿ ಒಂದು ಒಳಬಳೆ, ಒಂದು ಹೊರಬಳೆ, ಇವೆರಡರ ನಡುವಣ ತೋಡಿನಲ್ಲಿ ಉರುಳುವ ಉಕ್ಕಿನ ಗುಂಡುಗಳು, ಆ ಗುಂಡುಗಳನ್ನು ಸಮದೂರದಲ್ಲಿ ಇರಿಸುವ ಪಂಜರ, ಇಷ್ಟು ಭಾಗಗಳಿರುತ್ತವೆ.

1869ರಲ್ಲಿ ಪ್ಯಾರಿಸಿನಿಂದ ರೂಆನ್ ನಗರಕ್ಕೆ ನಡೆದ ಸೈಕಲ್ ಪಂದ್ಯವನ್ನು ಗೆದ್ದ ಜೇಮ್ಸ್ ಮೂರ್ ಎಂಬಾತನ ಸೈಕಲ್ಲಿಗೆ ಗುಂಡಿನ ಬೇರಿಂಗುಗಳಿದ್ದವು. 1883ರಲ್ಲಿ ಜರ್ಮನಿಯ ಷ್ವೈನ್‌ಫುರ್ಟ್ ಊರಿನ ಫ್ರೀಡ್ರಿಖ್ ಫಿಷರ್ ಎಂಬವನು ಗುಂಡುಗಳನ್ನು ಒಂದೇ ಅಳತೆಗೆ ಉಜ್ಜಿ ನಯಗೊಳಿಸುವ ಯಂತ್ರವನ್ನು ರಚಿಸಿದನು. ಗುಂಡುಗಳೆಲ್ಲ ಸಮನಾಗಿರಬೇಕಾದುದು ಏಕೆ? ಒಂದು ಗುಂಡು ಕೂದಲೆಳೆಯಷ್ಟು ದಪ್ಪವಾಗಿದ್ದರೂ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಗುಂಡು ತೋಡನ್ನು ಮುಟ್ಟುವ ಜಾಗ ಅತಿ ಸಣ್ಣದು. ಆದಕಾರಣ ಅಲ್ಲಿಯ ಒತ್ತಡ ಅತಿ ಹೆಚ್ಚು. ಇದನ್ನು ತಡೆದುಕೊಳ್ಳಲೆಂದೇ ಬಳೆಗಳನ್ನೂ ಗುಂಡುಗಳನ್ನೂ ಶೇಕಡಾ 1ರಷ್ಟು ಇಂಗಾಲ, ಶೇಕಡಾ 1.5ರಷ್ಟು ಕ್ರೋಮಿಯಮ್ ಬೆರೆತ ಗಟ್ಟಿ ಉಕ್ಕಿನಿಂದ ಮಾಡುತ್ತಾರೆ.

ಆಯುಸ್ಸಿನ ಲೆಕ್ಕ

ಬೇರಿಂಗಿನ ಆಯುಸ್ಸನ್ನು ಲೆಕ್ಕ ಹಾಕಬಹುದು. 1947ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬ ವಿಜ್ಞಾನಿಗಳು ಇದಕ್ಕೆ ಭದ್ರವಾದ ತಳಹದಿಯನ್ನು ಒದಗಿಸಿದರು. ಗುಂಡಿನ ಬೇರಿಂಗಿನ ಆಯುಸ್ಸು ಭಾರದ ಘನಕ್ಕೆ ವಿಲೋಮವಾಗಿರುತ್ತದೆ. ಎಂದರೆ, ಭಾರ ಇಮ್ಮಡಿಯಾದರೆ ಆಯುಸ್ಸು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಮುಮ್ಮಡಿಯಾದರೆ ಇಪ್ಪತ್ತೇಳನೆಯ ಒಂದು ಪಾಲು ಮಾತ್ರ ಉಳಿಯುತ್ತದೆ.

ಉದಾಹರಣೆಗೆ 6203 ಎಂಬ ಅಂಕೆಯ ಬೇರಿಂಗನ್ನು ತೆಗೆದುಕೊಳ್ಳೋಣ. ಈ ಅಂಕೆಗೆ ಅರ್ಥವಿದೆ. 6 ಎಂದರೆ ಆಳವಾದ ತೋಡಿನ, ಒಂದು ಸಾಲು ಗುಂಡಿನ ಬೇರಿಂಗು. 2 ಎಂಬುದು ಅದರ ಮೈಕಟ್ಟಿನ ವರ್ಗ. 03 ಎಂದರೆ ಒಳರಂಧ್ರದ ವ್ಯಾಸ 17 ಮಿಲಿಮೀಟರು. ಇದರ ಹೊರವ್ಯಾಸ 40 ಮಿಲಿಮೀಟರು, ದಪ್ಪ 12 ಮಿಲಿಮೀಟರು. ಸುಮಾರು 9,500 ನ್ಯೂಟನ್ ಭಾರದಲ್ಲಿ ಹತ್ತು ಲಕ್ಷ ಸುತ್ತು ತಿರುಗುವ ಸಾಮರ್ಥ್ಯ ಇದಕ್ಕುಂಟು. ಸವಾರ, ಹಿಂದೆ ಕುಳಿತವರು, ವಾಹನ ಎಲ್ಲ ಸೇರಿ ಹಿಂದಿನ ಗಾಲಿಯ ಮೇಲೆ 200 ಕಿಲೋಗ್ರಾಂ ಬೀಳುತ್ತದೆಂದು ಇಟ್ಟುಕೊಳ್ಳೋಣ. ಗಾಲಿಗೆ ಎರಡು ಬೇರಿಂಗುಗಳಿರುವುದರಿಂದ ಒಂದರ ಪಾಲಿಗೆ 100 ಕಿಲೋಗ್ರಾಂ, ಎಂದರೆ ಸುಮಾರು 1,000 ನ್ಯೂಟನ್. 9,500ನ್ನು 1,000ದಿಂದ ಭಾಗಿಸಿದರೆ 9.5, ಅದರ ಘನ ಸುಮಾರು 857. ಬೇರಿಂಗು 85 ಕೋಟಿಗೂ ಮಿಕ್ಕಿ ಸುತ್ತು ತಿರುಗಬಲ್ಲದೆಂದಾಯಿತು. ಗಾಲಿಯ ಸುತ್ತಳತೆ 2 ಮೀಟರಾದರೆ ಇದು 17 ಲಕ್ಷ ಕಿಲೋಮೀಟರಿನ ಪಯಣ!

ರಸ್ತೆಯ ಹಳ್ಳಗಳ ಕುಲುಕಾಟ, ಸರಪಳಿಯ ಎಳೆತ ಇವುಗಳಿಂದ ಭಾರವು ಸದಾ ಮುಮ್ಮಡಿಯಾಗಿಯೇ ಇರುತ್ತದೆಂದು ಭಾವಿಸಿದರೂ 63,000 ಕಿಲೋಮೀಟರು ಉಳಿಯುತ್ತದೆ. ನೂರು ಬೇರಿಂಗುಗಳಲ್ಲಿ ತೊಂಬತ್ತು ದಾಟಬಲ್ಲ ಗಡಿ ಇದು. ಹಾಗಿರುವಾಗ ಯಾವುದಾದರೊಂದು ವಾಹನದ ಬೇರಿಂಗು ಮೂರು ಸಾವಿರ ಕಿಲೋಮೀಟರಿಗೇ ಕೆಟ್ಟು, ಅದರ ಜಾಗಕ್ಕೆ ಬಂದುದೂ ಅಷ್ಟರಲ್ಲೇ ಕೆಟ್ಟರೆ, ಅದು ಮುಪ್ಪಿನ ಮರಣವಲ್ಲವೆಂಬುದು ಸ್ಪಷ್ಟ. ಬೇರಿಂಗಿನ ಹೊರಗೆ ಏನೋ ಕಾರಣವಿರಲೇಬೇಕು.

ಗುಂಬದ ಒಳಗೆ

ಆ ಕಾರಣವನ್ನು ಅರಸಲು ಹಬ್ ಎಂದು ಕರೆಯುವ ಗಾಲಿಯ ಗುಂಬದ ಒಳರಚನೆಯನ್ನು ತಿಳಿಯಬೇಕು. ಗುಂಬದ ಎರಡು ಪಕ್ಕಗಳಲ್ಲಿಯೂ ಒಂದೊಂದು ಬೇರಿಂಗು ಬಿಗಿಯಾಗಿ ಕುಳಿತಿರುತ್ತದೆ. ಇವೆರಡರ ಒಳಬಳೆಗಳ ನಡುವೆ ಸ್ಪೇಸರ್ ಎಂಬ ಉಕ್ಕಿನ ಕೊಳವೆಯಿರುತ್ತದೆ. ಇವೆಲ್ಲದರೊಳಗೆ ಅಚ್ಚು ತೂರಿ ಬರುತ್ತದೆ. ಅದರ ತುದಿಯ ನಟ್ಟನ್ನು ಬಿಗಿದಾಗ ಒಳಬಳೆಗಳೂ ಕೊಳವೆಯೂ ಒಂದೇ ಕಂಬದಂತೆ ಒತ್ತಿಕೊಂಡು ನಿಲ್ಲುತ್ತವೆ. ಹೊರಬಳೆಗಳು ಮಾತ್ರ ಗುಂಬದೊಡನೆ ತಿರುಗುತ್ತವೆ.

ನೋಡಲು ನಿಕೃಷ್ಟವಾದ ಈ ಕೊಳವೆಯ ಮಹತ್ತ್ವ ಬಹಳ. 16 ಮಿಲಿಮೀಟರು ವ್ಯಾಸದ ಅಚ್ಚಿನ ನಟ್ಟನ್ನು 60 ನ್ಯೂಟನ್-ಮೀಟರು ತಿರುಚುಬಲದಿಂದ ಬಿಗಿದರೆ, ಅಚ್ಚಿನ ಉದ್ದಕ್ಕೂ ಸುಮಾರು 18,000 ನ್ಯೂಟನ್ ಬಲ ಹುಟ್ಟುತ್ತದೆ. ಇದು ಹೆಚ್ಚುಕಡಮೆ 1,800 ಕಿಲೋಗ್ರಾಂ ತೂಕಕ್ಕೆ ಸಮ. ಕೊಳವೆ ಸರಿಯಾಗಿದ್ದರೆ ಈ ಬಲವನ್ನೆಲ್ಲ ಅದೇ ಹೊರುತ್ತದೆ. ಗುಂಡುಗಳಿಗೆ ಇದರ ಸುಳಿವೂ ತಾಗದು. ಆದರೆ ಹಿಂದೆ ಬಿಚ್ಚಿದಾಗ ಕೊಳವೆಯನ್ನು ಕಳೆದಿದ್ದರೆ, ಬೇರೆ ವಾಹನದ್ದನ್ನು ಹಾಕಿದ್ದರೆ, ಅಥವಾ ಅದರ ತುದಿಗಳು ಸವೆದು ಒಂದು ಮಿಲಿಮೀಟರಿನ ಕೆಲವು ದಶಾಂಶಗಳಷ್ಟು ಗಿಡ್ಡವಾಗಿದ್ದರೆ, ನಟ್ಟು ಬಿಗಿದಂತೆಲ್ಲ ಎರಡು ಒಳಬಳೆಗಳು ಒಂದರ ಕಡೆಗೊಂದು ಸರಿಯುತ್ತವೆ. ಹೊರಬಳೆಗಳು ಗುಂಬದಲ್ಲಿ ಸಿಕ್ಕಿಕೊಂಡಿರುವುದರಿಂದ ಸರಿಯಲಾರವು. ನಡುವೆ ಸಿಕ್ಕ ಗುಂಡುಗಳು ತೋಡಿನ ಅಂಚಿಗೆ ಒತ್ತಿ ಹಿಡಿಯಲ್ಪಡುತ್ತವೆ. ಸವಾರನು ಹತ್ತುವ ಮೊದಲೇ ಬೇರಿಂಗು ತನ್ನ ಶಕ್ತಿಗೆ ಮೀರಿದ ಹೊರೆಯನ್ನು ಹೊತ್ತಿರುತ್ತದೆ. ಘನದ ನಿಯಮವನ್ನು ನೆನೆದರೆ ಅದರ ಅಲ್ಪಾಯುಸ್ಸಿನಲ್ಲಿ ಆಶ್ಚರ್ಯವಿಲ್ಲ. ಹೊಸ ಬೇರಿಂಗನ್ನು ಎಷ್ಟು ಬಾರಿ ಹಾಕಿದರೂ ಕೊಳವೆ ಮಾತ್ರ ಹಳೆಯದೇ!

ಎರಡನೆಯ ಕಾರಣ ಗುಂಬದ ರಂಧ್ರದಲ್ಲಿಯೇ ಇರಬಹುದು. ಗುಂಬವು ಸಾಮಾನ್ಯವಾಗಿ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಕಾಯಿಸಿದಾಗ ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬ್ರೇಕಿನ ಶಾಖದಿಂದ ಗುಂಬ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ, 40 ಮಿಲಿಮೀಟರಿನ ರಂಧ್ರವು ಬೇರಿಂಗಿಗಿಂತ 0.026 ಮಿಲಿಮೀಟರು ಹೆಚ್ಚಾಗಿ ಅಗಲವಾಗುತ್ತದೆ. ಮೊದಲೇ ಸಡಿಲವಾಗಿದ್ದರೆ ಆಗ ಹೊರಬಳೆ ಹಿಡಿತ ತಪ್ಪಿ ಗುಂಬದೊಳಗೆ ತಾನೇ ಜಾರಿ ತಿರುಗತೊಡಗುತ್ತದೆ. ಜಾರಿದಷ್ಟೂ ರಂಧ್ರ ಸವೆಯುತ್ತದೆ, ಸವೆದಷ್ಟೂ ಜಾರುತ್ತದೆ. ಅನಂತರ ಬರುವ ಪ್ರತಿಯೊಂದು ಹೊಸ ಬೇರಿಂಗಿಗೂ ಹಿಂದಿನದಕ್ಕಿಂತ ಸಡಿಲವಾದ ಮನೆಯೇ ಗತಿ. ಪಂಚಿನಿಂದ ರಂಧ್ರದ ಒಳಮೈಗೆ ಚುಕ್ಕೆ ಹೊಡೆದು ಬಿಗಿಗೊಳಿಸುವ ವಾಡಿಕೆಯುಂಟು. ಆ ಉಬ್ಬುಗಳು ಬೇಗನೆ ಸವೆಯುವುದರಿಂದ ಅದು ನೆಚ್ಚತಕ್ಕ ಉಪಾಯವಲ್ಲ. ರಂಧ್ರವನ್ನು ಕೊರೆಸಿ ಹೊಸ ಬುಷ್ ಕೂರಿಸುವುದು ಅಥವಾ ಗುಂಬವನ್ನೇ ಬದಲಾಯಿಸುವುದು ಸರಿಯಾದ ಮಾರ್ಗ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳಂಥ ಹಳೆಯ ವಾಹನಗಳನ್ನು ಅಕ್ಕರೆಯಿಂದ ಓಡಿಸುತ್ತಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದು ನೀರು. ದೂರ ಓಡಿ ಬಿಸಿಯಾದ ಗುಂಬದ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ. ಒಳಗಿನ ಒತ್ತಡ ತಗ್ಗಿ ಹೊರಗಿನ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ರಭಸದ ನೀರಿನ ಧಾರೆಯನ್ನು ಗುಂಬಕ್ಕೇ ಹಿಡಿದು ತೊಳೆಯುವುದೂ ಅಷ್ಟೇ ಅಪಾಯಕರ. ಗ್ರೀಸು ಕೆಡುತ್ತದೆ, ತೋಡಿಗೆ ತುಕ್ಕು ಹಿಡಿಯುತ್ತದೆ.

ಹಳೆಯ ಬೇರಿಂಗಿನ ಸಾಕ್ಷ್ಯ

ಇವುಗಳಲ್ಲಿ ಯಾವುದು ನಿಜವಾದ ಕಾರಣವೆಂದು ಅರಿಯುವುದು ಹೇಗೆ? ಕೆಟ್ಟ ಬೇರಿಂಗೇ ಅದಕ್ಕೆ ಸಾಕ್ಷಿ. ಅದನ್ನು ಎಸೆಯದೆ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಬೇಕು.

ಗುಂಡುಗಳು ಓಡಿದ ಜಾಡು ತೋಡಿನ ನಡುವೆ ಇದ್ದರೆ ಸರಿ. ಎರಡು ಬೇರಿಂಗುಗಳಲ್ಲಿಯೂ ಜಾಡು ತೋಡಿನ ಅಂಚಿನ ಕಡೆಗೆ ಸರಿದಿದ್ದರೆ ಸ್ಪೇಸರ್ ಕೊಳವೆಯನ್ನು ಶಂಕಿಸಬೇಕು. ಹೊರಬಳೆಯ ಹೊರಮೈ ಕನ್ನಡಿಯಂತೆ ಉಜ್ಜಿಹೋಗಿದ್ದರೆ ಅದು ಗುಂಬದಲ್ಲಿ ಜಾರಿ ತಿರುಗಿದೆ. ಕೆಂಪು ಕಂದು ತುಕ್ಕು ನೀರಿನ ಗುರುತು. ಗುಂಡುಗಳ ಅಂತರದಲ್ಲಿಯೇ ಸಾಲಾಗಿ ಸಣ್ಣ ಗುಳಿಗಳಿದ್ದರೆ ಬೇರಿಂಗನ್ನು ಒಳಬಳೆಯ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಲಾಗಿದೆ. ಏಟಿನ ಬಲವು ಗುಂಡುಗಳ ಮೂಲಕವೇ ಹಾದುಹೋಗಿ ತೋಡಿನಲ್ಲಿ ಅಚ್ಚೊತ್ತಿದೆ. ಹೀಗಾದ ಬೇರಿಂಗು ಮೊದಲ ಸುತ್ತಿಗೆ ಮುಂಚೆಯೇ ಕೆಟ್ಟಿರುತ್ತದೆ. ಸರಪಳಿಯ ಕಡೆಯ ಬೇರಿಂಗೊಂದೇ ಪ್ರತಿ ಬಾರಿಯೂ ಕೆಡುತ್ತಿದ್ದರೆ ಸರಪಳಿಯನ್ನು ಅತಿಯಾಗಿ ಬಿಗಿದಿದೆಯೇ, ಗಾಲಿ ಓರೆಯಾಗಿ ಕುಳಿತಿದೆಯೇ ಎಂದು ಪರೀಕ್ಷಿಸಬೇಕು.

ಜೋಡಿಸುವ ಕ್ರಮ

ಕಾರಣವನ್ನು ನಿವಾರಿಸಿದ ಮೇಲೆ ಹೊಸ ಬೇರಿಂಗನ್ನು ಕ್ರಮವರಿತು ಕೂರಿಸಬೇಕು. ಗುಂಬವನ್ನು ಸುಮಾರು 100 ಡಿಗ್ರಿಯವರೆಗೆ ಕಾಯಿಸಿದರೆ 40 ಮಿಲಿಮೀಟರಿನ ರಂಧ್ರ 0.07 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ತಣ್ಣಗಿರುವ ಬೇರಿಂಗು ಆಗ ಬಡಿತವಿಲ್ಲದೆಯೇ ಒಳಗಿಳಿಯುತ್ತದೆ. ಒತ್ತಬೇಕಾದಲ್ಲಿ ಹೊರಬಳೆಯ ಮೇಲೆ ಮಾತ್ರ ಒತ್ತಬೇಕು. ಮೊದಲನೆಯ ಬೇರಿಂಗನ್ನು ಅದರ ನೆಲೆಯವರೆಗೆ ಇಳಿಸಿ, ಕೊಳವೆಯನ್ನಿಟ್ಟು, ಎರಡನೆಯದನ್ನು ಅದರ ಒಳಬಳೆ ಕೊಳವೆಯನ್ನು ಮುಟ್ಟುವವರೆಗೆ ಮಾತ್ರ ಸರಿಸಬೇಕು. ಅದಕ್ಕಿಂತ ಮುಂದೆ ತಳ್ಳಿದರೆ ಗಿಡ್ಡ ಕೊಳವೆಯ ದೋಷವೇ ಇನ್ನೊಂದು ರೂಪದಲ್ಲಿ ಬರುತ್ತದೆ.

ಕೊನೆಗೊಂದು ಸುಲಭ ಪರೀಕ್ಷೆಯುಂಟು. ಸರಪಳಿಯನ್ನು ಕಳಚಿ, ಬ್ರೇಕು ತಾಗದಂತೆ ಮಾಡಿ, ನಟ್ಟನ್ನು ಬೆರಳಿನಿಂದಷ್ಟೇ ತಿರುಗಿಸಿಟ್ಟು ಗಾಲಿಯನ್ನು ತಿರುಗಿಸಿ ನೋಡಬೇಕು. ಬಳಿಕ ನಟ್ಟನ್ನು ಪೂರ್ಣವಾಗಿ ಬಿಗಿದು ಮತ್ತೆ ತಿರುಗಿಸಬೇಕು. ಎರಡು ಸಲವೂ ಗಾಲಿ ಒಂದೇ ರೀತಿ ಸರಾಗವಾಗಿ ತಿರುಗಿದರೆ ಜೋಡಣೆ ಸರಿಯಾಗಿದೆ. ಬಿಗಿದೊಡನೆ ಗಾಲಿ ತಡೆತಡೆದು ತಿರುಗಿದರೆ ಗುಂಡುಗಳು ನಲುಗುತ್ತಿವೆ. ಆ ವಾಹನವನ್ನು ರಸ್ತೆಗೆ ಇಳಿಸಬಾರದು.

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಒಂದು ಬಟ್ಟೆ ಗಿರಣಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಥದೇ ಸಮಸ್ಯೆಯಿತ್ತು. ಯಂತ್ರಗಳನ್ನು ನಡೆಸುವ ಉದ್ದನೆಯ ದಂಡಗಳ ಬೇರಿಂಗುಗಳು ಪದೇ ಪದೇ ಕೆಡುತ್ತಿದ್ದವು. ಗಿರಣಿಯ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ ಕಾರಣವನ್ನು ನೆಲದಲ್ಲಿ ಕಂಡುಕೊಂಡನು. ಕಟ್ಟಡವು ಜೇಡಿಮಣ್ಣಿನ ಮೇಲಿತ್ತು. ನೆಲ ಕುಸಿದಂತೆ ದಂಡಗಳು ಓರೆಯಾಗಿ ಬೇರಿಂಗುಗಳನ್ನು ಹಿಂಡುತ್ತಿದ್ದವು. ದಂಡ ಓರೆಯಾದರೂ ಅದಕ್ಕೆ ಹೊಂದಿಕೊಂಡು ತಿರುಗುವ ಹೊಸ ಬಗೆಯ ಬೇರಿಂಗನ್ನು ಅವನು 1907ರಲ್ಲಿ ರಚಿಸಿದನು. ಒಡೆದ ಬೇರಿಂಗನ್ನು ಬದಲಾಯಿಸುತ್ತಲೇ ಇದ್ದಿದ್ದರೆ ಆ ಆವಿಷ್ಕಾರ ಅವನಿಂದ ಆಗುತ್ತಿರಲಿಲ್ಲ. ನಮ್ಮ ವಿದ್ಯಾರ್ಥಿಗಳೂ ದುರಸ್ತಿಯ ಅಂಗಡಿಯಲ್ಲಿ ಕಳಚಿಟ್ಟ ಬೇರಿಂಗೊಂದನ್ನು ಕೇಳಿ ಪಡೆದು, ಅದರ ತೋಡಿನಲ್ಲಿರುವ ಗುರುತುಗಳನ್ನು ಒಮ್ಮೆ ಓದಿ ನೋಡಲಿ. ಭೌತವಿಜ್ಞಾನದ ಒಂದು ಒಳ್ಳೆಯ ಪಾಠ ಅದರಲ್ಲಿದೆ.